ಡೆನ್ನಿಸ್ ರಿಚಿ: ನಮ್ಮ ಫೋಲ್ಡರ್ ಒಳಗಿನ ಮನುಷ್ಯ

ಕಳೆದ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ನನ್ನ ಲ್ಯಾಪ್‌ಟಾಪ್‌ನ ಒಂದು ಫೋಲ್ಡರ್ ಒಳಗೆ ಇನ್ನೊಂದು ಪುಟ್ಟ ಲಿನಕ್ಸ್ ಕೂರಿಸಿದೆ. ಡೆಬೂಟ್‌ಸ್ಟ್ರಾಪ್ ಅನ್ನೋ ಟೂಲ್ ಡೆಬಿಯನ್‌ಗೆ ಬೇಕಾದಷ್ಟೇ ಪ್ಯಾಕೇಜ್ ತಂದು ಅಲ್ಲಿ ಹಾಕಿತು. ಆಮೇಲೆ ಚರೂಟ್ ಕಮ್ಯಾಂಡ್ ಕೊಟ್ಟರೆ ಆ ಫೋಲ್ಡರೇ ರೂಟ್! ಈ ಚರೂಟ್ ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಕ್ಕಿದ್ದು 1979ರ ಯುನಿಕ್ಸ್ ಏಳನೇ ಆವೃತ್ತಿ. ಅದನ್ನು ಕಟ್ಟಿದ ತಂಡದಲ್ಲಿ ಫಸ್ಟ್ ಇಯರ್‌ನಿಂದ ನಮಗೆ ಗೊತ್ತಿರುವ ಹೆಸರು: ಡೆನ್ನಿಸ್ ರಿಚಿ.

ರಿಚಿ ಹುಟ್ಟಿದ್ದು 1941ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಅಪ್ಪ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡ್ತಿದ್ದರು. ಮಗ ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಓದಿ, 1967ರಲ್ಲಿ ಅದೇ ಬೆಲ್ ಲ್ಯಾಬ್ಸ್ ಸೇರಿದರು. ಥೀಸಿಸ್ ಬರೆದರೂ ಪಿಎಚ್‌ಡಿ ಪದವಿ ಮಾತ್ರ ಅಧಿಕೃತವಾಗಿ ಕೈಸೇರಲೇ ಇಲ್ಲ.

ಆಗ ಅಲ್ಲಿ ಮಲ್ಟಿಕ್ಸ್ ಅನ್ನೋ ದೊಡ್ಡ ಪ್ರಾಜೆಕ್ಟ್ ನಡೀತಿತ್ತು. 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂತು. ಕೆನ್ ಥಾಂಪ್ಸನ್ ಮೂಲೆಯಲ್ಲಿದ್ದ ಹಳೇ ಪಿಡಿಪಿ-7 ಮೇಲೆ ಚಿಕ್ಕದೊಂದು ಆಪರೇಟಿಂಗ್ ಸಿಸ್ಟಂ ಶುರುಮಾಡಿದರು, ರಿಚಿ ಜೊತೆಯಾದರು. ಅದೇ ಯುನಿಕ್ಸ್. 1972ರ ಹೊತ್ತಿಗೆ ರಿಚಿ ಸಿ ಭಾಷೆ ರೂಪಿಸಿದರು. 1973ರಲ್ಲಿ ಯುನಿಕ್ಸ್ ಕರ್ನಲ್ ಅನ್ನೇ ಸಿಯಲ್ಲಿ ಮತ್ತೆ ಬರೆದರು. ಅಲ್ಲಿವರೆಗೆ ಒಂದು ಮೆಷಿನ್‌ಗೆ ಅಂಟಿಕೊಂಡಿದ್ದ ಸಿಸ್ಟಂ ಈಗ ಬೇರೆ ಮೆಷಿನ್‌ಗೂ ಹೋಗುವಂತಾಯಿತು. 1978ರಲ್ಲಿ ಕರ್ನಿಘಾನ್ ಜೊತೆ ಬರೆದ ಸಿ ಪುಸ್ತಕ ಇವತ್ತಿಗೂ ನಮ್ಮ ಲೈಬ್ರರಿಗಳಲ್ಲಿದೆ. 1983ರಲ್ಲಿ ಥಾಂಪ್ಸನ್ ಮತ್ತು ರಿಚಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು.

ಚರೂಟ್ ಅರ್ಥವಾಗಬೇಕಾದರೆ ನಮ್ಮ ಭದ್ರಾವತಿಯ ನ್ಯೂ ಟೌನ್ ನೆನೆಸಿಕೊಳ್ಳಿ. ವಿಐಎಸ್ಎಲ್ ಕಾರ್ಖಾನೆಯವರಿಗೆ ಕ್ವಾರ್ಟರ್ಸ್, ಸ್ಕೂಲು, ಆಸ್ಪತ್ರೆ ಎಲ್ಲಾ ಅಲ್ಲೇ. ಒಳಗಿದ್ದವರಿಗೆ ಅದೇ ಒಂದು ಪೂರ್ತಿ ಊರು. ಆದರೆ ನೀರು ಮಾತ್ರ ಎಲ್ಲರಿಗೂ ಅದೇ ಭದ್ರಾ ಹೊಳೆಯದ್ದು. ಚರೂಟ್‌ಗೂ ತನ್ನದೇ ಶೆಲ್, ಲೈಬ್ರರಿ, ಪ್ಯಾಕೇಜ್ ಇರುತ್ತೆ. ಕರ್ನಲ್ ಮಾತ್ರ ಹೊರಗಿನದೇ. ಹಾಗಾಗಿ ಅದು ಗಟ್ಟಿ ಬೀಗ ಅಲ್ಲ. ಒಳಗಿನ ರೂಟ್ ಯೂಸರ್ ಮನಸ್ಸು ಮಾಡಿದರೆ ಹೊರಗೆ ಬರಬಹುದು.

ಇದು ನನಗೆ ಗೊತ್ತಾಗಿದ್ದು ಕೆಟ್ಟ ಮೇಲೆ. ಫೈಲ್ ಕಾಪಿ ಮಾಡೋಕೆ ಸುಲಭ ಅಂತ ನನ್ನ ಹೋಮ್ ಫೋಲ್ಡರ್ ಅನ್ನು ಚರೂಟ್ ಒಳಗೆ ಬೈಂಡ್ ಮೌಂಟ್ ಮಾಡಿದ್ದೆ. ಪ್ರಯೋಗ ಮುಗಿದ ಮೇಲೆ ಅನ್‌ಮೌಂಟ್ ಮಾಡದೆ ಇಡೀ ಫೋಲ್ಡರ್ ಡಿಲೀಟ್ ಕೊಟ್ಟೆ. ಮರುದಿನ ತೋರಿಸಬೇಕಿದ್ದ ಡೇಟಾ ಸ್ಟ್ರಕ್ಚರ್ಸ್ ಪ್ರೋಗ್ರಾಂಗಳೆಲ್ಲ ಹೋದವು. ಅಷ್ಟೂ ಸಿಯಲ್ಲೇ ಬರೆದಿದ್ದವು! ಬೆಳಿಗ್ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಲ್ಲಿ ಕೂತು ಲಿಂಕ್ಡ್ ಲಿಸ್ಟ್ ಅನ್ನು ನೋಟ್‌ಬುಕ್‌ನಲ್ಲಿ ಮತ್ತೆ ಬರೆದೆ. ಆಶ್ಚರ್ಯ ಅಂದ್ರೆ, ಆವತ್ತೇ ಪಾಯಿಂಟರ್ ನಿಜವಾಗಿ ಅರ್ಥವಾಗಿದ್ದು.

ರಿಚಿ 2011ರ ಅಕ್ಟೋಬರ್‌ನಲ್ಲಿ, 70ನೇ ವಯಸ್ಸಿನಲ್ಲಿ, ನ್ಯೂಜೆರ್ಸಿಯ ಮನೆಯಲ್ಲಿ ತೀರಿಕೊಂಡರು. ಅದೇ ತಿಂಗಳ 5ರಂದು ಸ್ಟೀವ್ ಜಾಬ್ಸ್ ಹೋಗಿದ್ದರು; ಜಗತ್ತೆಲ್ಲ ಅವರನ್ನೇ ನೆನೆಯುತ್ತಿತ್ತು. ಜಾಬ್ಸ್ ಮಾರಿದ ಐಫೋನ್ ಒಳಗೂ ಯುನಿಕ್ಸ್ ಬೇರು ಇದೆ ಅನ್ನೋದು ಹೆಚ್ಚಿನವರ ನೆನಪಿಗೆ ಬರಲಿಲ್ಲ.

ಮುಂದಿನ ಸಲ ಸಿ ಲ್ಯಾಬ್‌ನಲ್ಲಿ ಎರರ್ ಬಂದಾಗ ಬೈಯುವ ಮುಂಚೆ ಅವರನ್ನೊಮ್ಮೆ ನೆನೆಸಿಕೊಳ್ಳಿ. ಚರೂಟ್ ಡಿಲೀಟ್ ಮಾಡೋ ಮುಂಚೆ ಮೌಂಟ್ ಚೆಕ್ ಮಾಡಿ!