ಭರ್ಜಿಯಿಂದ ಗಾಲ್ಫ್‌ವರೆಗೆ ಬೇಬ್ ನಡೆದ ದಾರಿ

ಮೂರನೇ ಸೆಮಿಸ್ಟರ್‌ನ ಗಣಿತದಲ್ಲಿ ಫೇಲಾಗಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಬ್ಯಾಕ್‌ಲಾಗ್ ಇದ್ದರೆ ಕ್ಯಾಂಪಸ್ ಸಂದರ್ಶನಕ್ಕೆ ಕೂರಿಸುವುದೇ ಇಲ್ಲ ಎಂದು ಸೀನಿಯರ್‌ಗಳು ಬೇರೆ ಹೆದರಿಸಿದ್ದರು. ಆ ರಾತ್ರಿ ಹಾಸ್ಟೆಲ್‌ನಲ್ಲಿ ನೀರಜ್ ಚೋಪ್ರಾ ಅವರ ಹಳೆಯ ವಿಡಿಯೊ ನೋಡುತ್ತಿದ್ದಾಗ, ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಜಾವೆಲಿನ್ ಎಸೆತ ಶುರುವಾಗಿದ್ದು ಯಾವಾಗ ಎಂಬ ಕುತೂಹಲ ಹುಟ್ಟಿತು. ಉತ್ತರ: 1932, ಲಾಸ್ ಏಂಜಲೀಸ್. ಮೊದಲ ಚಿನ್ನ ಗೆದ್ದವಳು ಅಮೆರಿಕದ ಬೇಬ್ ಡಿಡ್ರಿಕ್‌ಸನ್. ಆಕೆಯ ಬದುಕನ್ನು ಓದುತ್ತಾ ಕೂತೆ. ಮೆಸ್ ಮುಚ್ಚಿದ್ದೇ ಗೊತ್ತಾಗಲಿಲ್ಲ.

ಬೇಬ್ ಹುಟ್ಟಿದ್ದು 1911ರಲ್ಲಿ, ಟೆಕ್ಸಾಸ್‌ನ ಪೋರ್ಟ್ ಆರ್ಥರ್‌ನಲ್ಲಿ. ನಾರ್ವೆಯಿಂದ ವಲಸೆ ಬಂದ ಬಡಗಿಯ ಏಳು ಮಕ್ಕಳಲ್ಲಿ ಆರನೆಯವಳು. ಬೆಳೆದದ್ದು ಬೋಮಾಂಟ್‌ನಲ್ಲಿ. ಮಕ್ಕಳ ಕಸರತ್ತಿಗೆಂದು ಅಪ್ಪ ಹಿತ್ತಿಲಲ್ಲೇ ಸಾಮಾನು ಮಾಡಿಕೊಟ್ಟಿದ್ದರು. ಬೀದಿಯ ಮನೆಗಳ ಗಿಡದ ಬೇಲಿಗಳೇ ಆಕೆಯ ಹರ್ಡಲ್ಸ್!

1930ರಲ್ಲಿ ಡಲ್ಲಾಸ್‌ನ ವಿಮಾ ಕಂಪನಿಯೊಂದರಲ್ಲಿ ಟೈಪಿಂಗ್ ಕೆಲಸ ಸಿಕ್ಕಿತು. ಕಂಪನಿಗೆ ನಿಜವಾಗಿ ಬೇಕಿದ್ದುದು ತನ್ನ ಬ್ಯಾಸ್ಕೆಟ್‌ಬಾಲ್ ತಂಡಕ್ಕೊಬ್ಬ ಆಟಗಾರ್ತಿ. 1932ರ ರಾಷ್ಟ್ರೀಯ ಅಥ್ಲೆಟಿಕ್ ಕೂಟಕ್ಕೆ ಅದೇ ಕಂಪನಿ ಆಕೆಯೊಬ್ಬಳನ್ನೇ ಒಂದು ತಂಡವಾಗಿ ಕಳಿಸಿತು. ಒಂದೇ ಮಧ್ಯಾಹ್ನ ಎಂಟು ಸ್ಪರ್ಧೆಗಳು. ಬೇಬ್ ಗಳಿಸಿದ್ದು 30 ಅಂಕ. ಎರಡನೇ ಸ್ಥಾನ ಪಡೆದ ತಂಡದಲ್ಲಿ 22 ಮಂದಿ ಇದ್ದರು, ಅವರೆಲ್ಲ ಸೇರಿ ಗಳಿಸಿದ್ದು 22 ಅಂಕ!

ಒಲಿಂಪಿಕ್ಸ್‌ನಲ್ಲಿ ಆಗ ಮಹಿಳೆಯರಿಗೆ ಮೂರೇ ವೈಯಕ್ತಿಕ ಸ್ಪರ್ಧೆಗಳ ಮಿತಿ. ಜಾವೆಲಿನ್‌ನಲ್ಲಿ 43.68 ಮೀಟರ್ ಎಸೆದು ಚಿನ್ನ ಗೆದ್ದಳು. 80 ಮೀಟರ್ ಹರ್ಡಲ್ಸ್‌ನಲ್ಲೂ ಚಿನ್ನ. ಎತ್ತರ ಜಿಗಿತದಲ್ಲಿ ಜೀನ್ ಶೈಲಿಯಷ್ಟೇ ಎತ್ತರ ಹಾರಿದರೂ, ಜಿಗಿದ ರೀತಿ ಸರಿಯಿಲ್ಲವೆಂದು ತೀರ್ಪುಗಾರರು ಬೆಳ್ಳಿ ಕೊಟ್ಟರು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಚಪ್ಪಾಳೆ ತಟ್ಟಿ ಮಲಗುತ್ತಿದ್ದೆನೇನೋ. ಅದೇ ಡಿಸೆಂಬರ್‌ನಲ್ಲಿ ಕಾರಿನ ಜಾಹೀರಾತೊಂದರಲ್ಲಿ ಆಕೆಯ ಹೆಸರು ಕಾಣಿಸಿತು. ಹಣಕ್ಕಾಗಿ ಆಡದವರಿಗೆ ಮಾತ್ರ ಅವಕಾಶವಿದ್ದ ಕಾಲ ಅದು. ಅಥ್ಲೆಟಿಕ್ ಸಂಘ ಆಕೆಯನ್ನು ಅಮಾನತು ಮಾಡಿತು. ಆಮೇಲೆ ಅಮಾನತು ತೆರವಾದರೂ ಬೇಬ್ ವೃತ್ತಿಪರಳಾದಳು. ಒಲಿಂಪಿಕ್ಸ್ ಬಾಗಿಲು 21ನೇ ವಯಸ್ಸಿಗೇ ಮುಚ್ಚಿತು. ಹೊಟ್ಟೆಪಾಡಿಗೆ ರಂಗದ ಮೇಲೆ ಹಾರ್ಮೋನಿಕಾ ನುಡಿಸಿದಳು, ಊರೂರು ಸುತ್ತಿ ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಆಡಿದಳು.

ಆಮೇಲೆ ಗಾಲ್ಫ್ ಹಿಡಿದಳು. 1935ರಲ್ಲಿ ಟೆಕ್ಸಾಸ್ ಮಹಿಳಾ ಟೂರ್ನಿ ಗೆದ್ದ ಬೆನ್ನಲ್ಲೇ, ವೃತ್ತಿಪರಳೆಂಬ ಕಾರಣಕ್ಕೆ ಅಲ್ಲೂ ನಿಷೇಧ! ಹವ್ಯಾಸಿ ಪಟ್ಟ ಮರಳಿ ಪಡೆಯಲು ಬಹುಮಾನದ ಹಣ ಬಿಟ್ಟು ಮೂರು ವರ್ಷ ಕಾದಳು. 1943ರಲ್ಲಿ ಅದು ಸಿಕ್ಕಿತು. 1947ರಲ್ಲಿ ಬ್ರಿಟಿಷ್ ಮಹಿಳಾ ಹವ್ಯಾಸಿ ಟೂರ್ನಿ ಗೆದ್ದ ಮೊದಲ ಅಮೆರಿಕನ್ ಆದಳು. 1950ರಲ್ಲಿ ಮಹಿಳಾ ವೃತ್ತಿಪರ ಗಾಲ್ಫ್ ಸಂಘವನ್ನು ಕಟ್ಟಿದ 13 ಮಂದಿಯಲ್ಲಿ ಆಕೆಯೂ ಒಬ್ಬಳು.

1953ರಲ್ಲಿ ಕರುಳಿನ ಕ್ಯಾನ್ಸರ್. ದೊಡ್ಡ ಶಸ್ತ್ರಚಿಕಿತ್ಸೆ. ಮರುವರ್ಷವೇ ಅಮೆರಿಕದ ಮಹಿಳಾ ಓಪನ್ ಪ್ರಶಸ್ತಿಯನ್ನು 12 ಸ್ಟ್ರೋಕ್‌ಗಳ ಅಂತರದಿಂದ ಗೆದ್ದಳು. ಕಾಯಿಲೆ ಮರುಕಳಿಸಿ 1956ರಲ್ಲಿ ತೀರಿಕೊಂಡಾಗ ಆಕೆಗೆ 45 ವರ್ಷ.

ನನ್ನನ್ನು ಕಾಡಿದ್ದು ಪದಕಗಳಿಗಿಂತ ಆ ಮೂರು ವರ್ಷಗಳ ಕಾಯುವಿಕೆ. ಒಲಿಂಪಿಕ್ ಚಾಂಪಿಯನ್ ಆಗಿದ್ದವಳು ಮತ್ತೊಂದು ಆಟದಲ್ಲಿ ಮೊದಲಿನಿಂದ ಶುರು ಮಾಡಲು ನಾಚಲಿಲ್ಲ. ಒಂದು ಪೇಪರ್ ಮತ್ತೆ ಬರೆಯಲು ನನಗೇಕೆ ಇಷ್ಟು ಅವಮಾನ?

ಮರುದಿನ ಅಪ್ಪನಿಗೆ ಫೋನ್ ಮಾಡಿ ಫೇಲಾಗಿರುವ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವರು, ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ ಯಾವುದು ಎಂದು ಕೇಳಿದರು. ಈಗ ಮತ್ತೆ ಮೊದಲ ಅಧ್ಯಾಯದಿಂದ ಲೆಕ್ಕ ಮಾಡುತ್ತಿದ್ದೇನೆ.