ಮುತ್ತಮ್ಮ ಬರೆದುಕೊಟ್ಟ ಮುಚ್ಚಳಿಕೆ

ಕಳೆದ ತಿಂಗಳು ಒಂದು ಖಾಸಗಿ ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಓದಿನ ಬಗ್ಗೆ ಎರಡು ಪ್ರಶ್ನೆ ಕೇಳಿದವರು ಮೂರನೆಯದಕ್ಕೇ ಮದುವೆ ಯಾವಾಗ ಎಂದು ವಿಚಾರಿಸಿದರು. ಕೆಲಸ ಸಿಗಲಿಲ್ಲ. ವಿಜಯನಗರದ ಪಿ.ಜಿ.ಗೆ ವಾಪಸ್ ಬಂದು ರೂಮ್‌ಮೇಟ್ ಮುಂದೆ ಗೋಳು ತೋಡಿಕೊಂಡೆ. ಅವಳು ಇಲ್ಲೇ ಐಎಎಸ್ ಕೋಚಿಂಗ್‌ಗೆ ಹೋಗುವವಳು. ಸಮಾಧಾನ ಹೇಳುವ ಬದಲು ತನ್ನ ನೋಟ್ಸ್‌ನಲ್ಲಿದ್ದ ಒಂದು ಹೆಸರು ತೋರಿಸಿದಳು: ಸಿ.ಬಿ. ಮುತ್ತಮ್ಮ. ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲಿ ಒಂದು ಅಂಕಕ್ಕೆ ಬರುವ ಹೆಸರೆಂದಷ್ಟೇ ನನಗೆ ಗೊತ್ತಿತ್ತು.

ಮುತ್ತಮ್ಮ ಹುಟ್ಟಿದ್ದು 1924ರಲ್ಲಿ, ಕೊಡಗಿನ ವಿರಾಜಪೇಟೆಯಲ್ಲಿ. ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಅರಣ್ಯಾಧಿಕಾರಿಯಾಗಿದ್ದ ತಂದೆ ತೀರಿಕೊಂಡರು. ನಾಲ್ಕು ಮಕ್ಕಳನ್ನೂ ಓದಿಸಿದ್ದು ತಾಯಿ. ಮಡಿಕೇರಿಯಲ್ಲಿ ಶಾಲೆ, ಆಮೇಲೆ ಮದ್ರಾಸಿನಲ್ಲಿ ಪದವಿ, ಇಂಗ್ಲಿಷ್ ಎಂ.ಎ. 1948ರಲ್ಲಿ ಯುಪಿಎಸ್‌ಸಿ ಪಾಸಾದರು. ವಿದೇಶಾಂಗ ಸೇವೆ ಹೆಣ್ಣುಮಕ್ಕಳಿಗೆ ಸರಿಹೋಗದು ಎಂದು ಸಂದರ್ಶನ ಮಂಡಳಿಯವರೇ ಅವರ ಮನಸ್ಸು ತಿರುಗಿಸಲು ನೋಡಿದರು. ಅವರು ಜಗ್ಗಲಿಲ್ಲ. 1949ರಲ್ಲಿ ಸೇವೆಗೆ ಸೇರಿದಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಜೊತೆಗೆ ಸೇರಿದ ಗಂಡಸರಿಗೆ ಆ ಕಾಗದ ಇರಲಿಲ್ಲ!

ಪ್ಯಾರಿಸ್, ರಂಗೂನ್, ಲಂಡನ್ ಎಂದು ಸುತ್ತಿ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ವಿಜಯಲಕ್ಷ್ಮಿ ಪಂಡಿತ್ ಅವರಿಗಿಂತ ಮೊದಲೇ ರಾಯಭಾರಿಯಾಗಿದ್ದರು ನಿಜ, ಆದರೆ ಪರೀಕ್ಷೆ ಬರೆದು, ಸೇವೆಯೊಳಗಿನಿಂದಲೇ ಆ ಹುದ್ದೆಗೆ ಏರಿದ ಮೊದಲ ಮಹಿಳೆ ಮುತ್ತಮ್ಮ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಕಥೆ. ಬಡ್ತಿ ತಪ್ಪಿದಾಗ, ಇನ್ನೂ ಸೇವೆಯಲ್ಲಿರುವಾಗಲೇ, ಅವರು ಸುಪ್ರೀಂ ಕೋರ್ಟಿಗೆ ಹೋದರು. ನಿಯಮಗಳಲ್ಲಿ ಏನಿತ್ತು ನೋಡಿ: ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದಿಂದ ಕೆಲಸಕ್ಕೆ ಅಡ್ಡಿ ಎನಿಸಿದರೆ ಸರ್ಕಾರ ರಾಜೀನಾಮೆ ಕೇಳಬಹುದು. ಮದುವೆಯಾದವಳಿಗೆ ನೇಮಕಾತಿ ಹಕ್ಕಲ್ಲ. ಮೊಕದ್ದಮೆ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು. ಹಾಗಾಗಿ 1979ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು. ಕಾಗದದ ಮೇಲೆ ಸೋಲು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠ ಆ ನಿಯಮಗಳನ್ನು ಕಟುವಾಗಿ ಟೀಕಿಸಿತು, ಅವರ ಹಿರಿತನವನ್ನು ಮರುಪರಿಶೀಲಿಸಲು ಹೇಳಿತು. ನೇಮಕಾತಿಯ ನಿಯಮ ತೆಗೆದಿದ್ದೇವೆ, ಮದುವೆಯದನ್ನೂ ತೆಗೆಯುತ್ತಿದ್ದೇವೆ ಎಂದು ಸರ್ಕಾರವೇ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಸೋತ ಮೊಕದ್ದಮೆಯೊಂದು ಮುಂದೆ ಬಂದವರಿಗೆಲ್ಲ ದಾರಿ ಬಿಡಿಸಿತು.

ನೋಟ್ಸ್‌ನಲ್ಲಿ ಇಲ್ಲದ ವಿಷಯ ಇನ್ನೊಂದು. ಅಮೆರಿಕ, ಸೋವಿಯತ್ ಒಕ್ಕೂಟಗಳು ಅಣ್ವಸ್ತ್ರ ಪೇರಿಸುತ್ತಿದ್ದ ಕಾಲದಲ್ಲಿ ಸ್ವೀಡನ್ನಿನ ಓಲೋಫ್ ಪಾಮೆ ನಿಶ್ಶಸ್ತ್ರೀಕರಣಕ್ಕಾಗಿ ಒಂದು ಸ್ವತಂತ್ರ ಆಯೋಗ ಕಟ್ಟಿದರು. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಸೈರಸ್ ವಾನ್ಸ್, ಸೋವಿಯತ್ತಿನ ಜಾರ್ಜಿ ಅರ್ಬಾಟೊವ್ ಕೂತಿದ್ದ ಮೇಜಿನಲ್ಲಿ ಭಾರತದಿಂದ ಮುತ್ತಮ್ಮ ಇದ್ದರು. 1982ರ ಅವರ ವರದಿಯ ತಿರುಳು ಸರಳ: ಅಣುಬಾಂಬಿನ ಕಾಲದಲ್ಲಿ ಎದುರಾಳಿಯನ್ನು ಹೆದರಿಸಿ ಯಾರೂ ಸುರಕ್ಷಿತರಾಗಿರಲಾರರು, ಇಬ್ಬರೂ ಒಟ್ಟಿಗೇ ಸುರಕ್ಷಿತರಾಗಬೇಕು. ಯುರೋಪಿನ ನಡುವಿನ ಗಡಿಯ ಎರಡೂ ಕಡೆ ತಲಾ 150 ಕಿ.ಮೀ.ವರೆಗೆ ರಣರಂಗದ ಅಣ್ವಸ್ತ್ರ ಇರಬಾರದೆಂದು ಸೂಚಿಸಿದರು. ಅದೇ ವರ್ಷ ಮುತ್ತಮ್ಮ ನಿವೃತ್ತರಾದರು. ಆಮೇಲೆ ಕೊಡವ ಅಡುಗೆಯ ಪುಸ್ತಕವನ್ನೂ ತಂದರು (ಇದು ನನಗೆ ಬಹಳ ಇಷ್ಟವಾಯಿತು). 2009ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಗುರುವಾರ ರಾಜಾಜಿನಗರದಲ್ಲಿ ಇನ್ನೊಂದು ಸಂದರ್ಶನವಿದೆ. ಮದುವೆಯ ಪ್ರಶ್ನೆ ಬಂದರೆ, ಹೊರಗೆ ಕೂತಿರುವ ಹುಡುಗರಿಗೂ ಇದನ್ನೇ ಕೇಳುತ್ತೀರಾ ಎಂದು ವಿಚಾರಿಸಬೇಕೆಂದಿದ್ದೇನೆ. ರೂಮ್‌ಮೇಟ್ ಮಾತ್ರ ಬೇಡ ಕಣೇ ಅನ್ನುತ್ತಿದ್ದಾಳೆ.