ಸೊಲ್ಲಾಪುರದ ವೈದ್ಯ ದ್ವಾರಕಾನಾಥ ಕೋಟ್ನೀಸರು

ಸೊನ್ನಲಿಗೆಯೆಂದೊಡನೆ ನಮ್ಮ ಜನಕ್ಕೆ ಕೆರೆಯನ್ನು ಕಟ್ಟಿಸಿದ ಶಿವಯೋಗಿ ಸಿದ್ಧರಾಮರ ಸ್ಮರಣೆಯಾಗುವುದು ಸಹಜ. ಗಡಿಯಾಚೆಗಿದ್ದರೂ ಕನ್ನಡದ ನುಡಿ ಇಂದಿಗೂ ಕೇಳಿಬರುವ ಆ ಸೊಲ್ಲಾಪುರದಲ್ಲಿಯೇ 1910ನೆಯ ಇಸವಿ ಅಕ್ಟೋಬರ್ 10ರಂದು ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು ಜನಿಸಿದರು. ಮುಂಬಯಿಯಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಉನ್ನತ ಶಿಕ್ಷಣದ ಹಂಬಲದಲ್ಲಿದ್ದ ತರುಣರು ಅವರು.

1937ರಲ್ಲಿ ಜಪಾನು ಚೀನಾ ದೇಶದ ಮೇಲೆ ದಂಡೆತ್ತಿತು. ಗಾಯಾಳುಗಳ ಶುಶ್ರೂಷೆಗಾಗಿ ಕಾಂಗ್ರೆಸ್ ಸಂಸ್ಥೆಯು 1938ರಲ್ಲಿ ಐವರು ವೈದ್ಯರ ತಂಡವೊಂದನ್ನು ಕಳುಹಿಸಿತು. ಅಟಲ್, ಚೋಳ್ಕರ್, ಬಸು, ಮುಖರ್ಜಿ ಇವರೊಡನೆ ಕೋಟ್ನೀಸರೂ ಹಡಗನ್ನೇರಿದರು. ಪರದೇಶದಲ್ಲಿದ್ದಾಗಲೇ ತಂದೆಯವರು ತೀರಿಕೊಂಡ ವಾರ್ತೆ ಬಂದಿತು. ಅವರು ಹಿಂದಿರುಗಲಿಲ್ಲ.

ಉತ್ತರ ಚೀನಾದ ಗುಡ್ಡಗಾಡಿನಲ್ಲಿ ರಣರಂಗದ ಬೆನ್ನಿಗೇ ಅವರ ಚಿಕಿತ್ಸಾಲಯ. ಕೆನಡಾ ದೇಶದ ವೈದ್ಯ ನಾರ್ಮನ್ ಬೆಥೂನರು ಅದೇ ಸೀಮೆಯಲ್ಲಿ, ಶಸ್ತ್ರಕ್ರಿಯೆಯ ವೇಳೆ ಬೆರಳಿಗಾದ ಗಾಯವು ನಂಜೇರಿ, 1939ರ ನವೆಂಬರ್ 12ರಂದು ಅಸುನೀಗಿದ್ದರು. ಅವರ ಹೆಸರಿನ ಆಸ್ಪತ್ರೆಗೆ 1941ರ ಜನವರಿಯಲ್ಲಿ ಕೋಟ್ನೀಸರೇ ನಿರ್ದೇಶಕರಾದರು. ಕಾದಾಟವೊಂದರ ಸಂದರ್ಭದಲ್ಲಿ 72 ಗಂಟೆಗಳ ಕಾಲ ಕಣ್ಣಿಗೆ ಕಣ್ಣು ಹಚ್ಚದೆ ಶಸ್ತ್ರಚಿಕಿತ್ಸೆ ನಡೆಸಿದರೆಂಬುದು ಪ್ರಸಿದ್ಧವಾಗಿದೆ.

ಈ ಪ್ರಸಂಗವನ್ನು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುವುದು ಉಪಾಧ್ಯಾಯರ ರೂಢಿ. ನಾನೂ ಹಾಗೆಯೇ ಹೇಳುತ್ತ ಬಂದವನು. 2020ರ ಕೊರೋನಾ ಪಿಡುಗು ತುಸು ಇಳಿದ ಮೇಲೆ, ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹುಲಗೂರಿಗೆ ಬಂದವಳು ನನ್ನನ್ನು ಕಂಡಳು. ರಾತ್ರಿ ನಿದ್ರೆ ಬರುವುದಿಲ್ಲ ಗುರುಗಳೇ, ಸತ್ತವರ ಮುಖಗಳೇ ಕಣ್ಣ ಮುಂದೆ ನಿಲ್ಲುತ್ತವೆ ಎಂದಳು. ಆಯಾಸವೆಂದು ಬಾಯಿಬಿಟ್ಟು ಹೇಳಲೂ ನಾಚಿಕೆಯಂತೆ. ಆ ನಾಚಿಕೆಯನ್ನು ಕಲಿಸಿದವರಲ್ಲಿ ನಾನೂ ಒಬ್ಬನಿರಬೇಕು. ಅಂದಿನಿಂದ ಆ 72 ಗಂಟೆಗಳ ಕಥೆಯನ್ನು ಹೇಳುವಾಗ ನನ್ನ ನಾಲಗೆ ತಡವರಿಸುತ್ತದೆ. ಕಾಯಕವೆಂದರೆ ಕಾಯವನ್ನೇ ಸುಟ್ಟುಕೊಳ್ಳುವುದಲ್ಲವಷ್ಟೆ!

ಕೋಟ್ನೀಸರ ಬಾಳಿನಲ್ಲಿ ಮಕ್ಕಳಿಗೆ ಹೇಳಬೇಕಾದ ಬೇರೆ ಸಂಗತಿಗಳೂ ಇವೆ. ಅವರು ಚೀನೀ ಭಾಷೆಯನ್ನು ಕಲಿತು, ಅದರಲ್ಲಿಯೇ ಪಾಠ ಹೇಳಿ, ತಮ್ಮ ಹೊರೆಯನ್ನು ಹಂಚಿಕೊಳ್ಳಬಲ್ಲ ಶಿಷ್ಯರನ್ನು ಸಿದ್ಧಪಡಿಸಿದರು. ಶುಶ್ರೂಷಾ ವೃತ್ತಿಯವರೇ ಆದ ಗುವೋ ಚಿಂಗ್‌ಲಾನ್ ಎಂಬ ಚೀನೀ ತರುಣಿಯನ್ನು 1941ರಲ್ಲಿ ವರಿಸಿದರು. ನೋವಿನ ನಡುವೆ ಅವರಿಗೂ ಒಂದು ಮನೆಯಿತ್ತು, ಮಾತಿಗೆ ಜನರಿದ್ದರು. ಮರುವರ್ಷ ಗಂಡುಮಗು ಜನಿಸಲು, ಭಾರತ ಮತ್ತು ಚೀನಾ ಎಂಬ ಅರ್ಥ ಬರುವಂತೆ ಇನ್‌ಹುವಾ ಎಂದು ಹೆಸರಿಟ್ಟರು.

ಆದರೆ ದೇಹವು ಆಗಲೇ ಸೋತಿತ್ತು. ಅಪಸ್ಮಾರದ ಸೆಳೆತಗಳು ಬಂದುಹೋಗುತ್ತಿದ್ದವು. ವಿಶ್ರಾಂತಿಗಾಗಿ ಸಂಗಡಿಗರು ಒತ್ತಾಯಿಸಿದರೂ ಅವರು ಕೆಲಸ ಬಿಡಲಿಲ್ಲ. ಶಸ್ತ್ರವೈದ್ಯದ ಪಠ್ಯವೊಂದರ ರಚನೆಯೂ ಸಾಗಿತ್ತು. ರೋಗಿಯು ಹೀಗೆ ಹಟ ಹಿಡಿದಿದ್ದರೆ ಅವರೇ ಗದರಿಸಿ ಮಲಗಿಸುತ್ತಿದ್ದರೇನೋ. 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ, ಅಪಸ್ಮಾರದಿಂದಲೇ ತೀರಿಕೊಂಡರು. ಮಗುವಿಗಿನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

ಕೋಟ್ನೀಸರ ಸಮಾಧಿ ಚೀನಾದ ಶಿಜಿಯಾಜುವಾಂಗ್ ನಗರದಲ್ಲಿದೆ, ಬೆಥೂನರದೂ ಅಲ್ಲಿಯೇ. ಸೊಲ್ಲಾಪುರದ ಅವರ ಮನೆ ಇಂದು ಸ್ಮಾರಕವಾಗಿದೆ. ತಂದೆಯ ಹಾದಿಯಲ್ಲಿಯೇ ವೈದ್ಯಶಿಕ್ಷಣಕ್ಕೆ ಸೇರಿದ್ದ ಇನ್‌ಹುವಾ ಅದನ್ನು ಪೂರೈಸುವ ಮುನ್ನ 1967ರಲ್ಲಿ ನಿಧನ ಹೊಂದಿದರು. ಗುವೋ ಚಿಂಗ್‌ಲಾನ್ ಅವರು ಭಾರತಕ್ಕೆ ಹಲವು ಬಾರಿ ಬಂದು ಪತಿಯ ಬಂಧುಗಳನ್ನು ಕಂಡುಹೋಗುತ್ತಿದ್ದರು, 2012ರವರೆಗೂ ಬದುಕಿದ್ದರು.